ಸ್ಟೀಫನ್ ಕರ್ರಿಯ ಮೊದಲ ಮೂರು ವರ್ಷಗಳು: ತಡೆದದ್ದು ಕಾಲೋ, ತಂಡವೋ?
(ಪ್ರತಿ ಬರಹದ ಮೇಲಿರುವುದು ಬರೆದವರ ಅಡ್ಡಹೆಸರು.)

ಸಂಜೆಯ ಅಂಗಣ
ಮೈಸೂರಿನಲ್ಲಿ ಹನ್ನೆರಡರಿಂದ ಹದಿನಾರು ವರ್ಷದ ಮಕ್ಕಳಿಗೆ ಸಂಜೆ ಹೊತ್ತು ಬ್ಯಾಸ್ಕೆಟ್‌ಬಾಲ್ ಹೇಳಿಕೊಡುತ್ತೇನೆ. ಅಂಗಣಕ್ಕೆ ಕಾಲಿಟ್ಟ ಕೂಡಲೇ ಅರ್ಧದಷ್ಟು ಮಕ್ಕಳು ಮೂರಂಕದ ಗೆರೆಯಿಂದ (ಅದರಾಚೆಯಿಂದ ಹೊಡೆದರೆ ಎರಡರ ಬದಲು ಮೂರು ಅಂಕ) ಎರಡು ಹೆಜ್ಜೆ ಹಿಂದೆ ನಿಂತು ಚೆಂಡು ಎಸೆಯಲು ಶುರು ಮಾಡುತ್ತಾರೆ. ಯಾರನ್ನು ನೋಡಿ ಕಲಿತದ್ದೆಂದು ನಾನು ಕೇಳುವುದಿಲ್ಲ, ಅವರ ಬನಿಯನ್ನಿನ ಬೆನ್ನ ಮೇಲಿನ 30 ಎಂಬ ಅಂಕಿಯೇ ಹೇಳುತ್ತದೆ. ಕಳೆದ ವಾರ ಒಬ್ಬ ಹುಡುಗ ಕಾಲು ಉಳುಕಿಸಿಕೊಂಡು, ಮೂರು ವಾರ ಆಡುವಂತಿಲ್ಲವೆಂದು ಗೋಡೆಗೆ ಒರಗಿ ಅಳುತ್ತಿದ್ದ. ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯ 2011-12ರ ಋತುವಿನಲ್ಲಿ ಗೋಲ್ಡನ್ ಸ್ಟೇಟ್ ವಾರಿಯರ್ಸ್ ತಂಡದ ಸ್ಟೀಫನ್ ಕರ್ರಿ 66 ಪಂದ್ಯಗಳ ಪೈಕಿ 26ರಲ್ಲಿ ಮಾತ್ರ ಆಡಿದ್ದರೆಂದು ಅವನಿಗೆ ಹೇಳಿದೆ. ಅವನೂ ನಂಬಲಿಲ್ಲ, ಸುತ್ತ ನಿಂತಿದ್ದವರೂ ನಂಬಲಿಲ್ಲ.

ಆ ರಾತ್ರಿ ಕುಳಿತು ಹಳೆಯ ಅಂಕಿಗಳನ್ನು ಮತ್ತೊಮ್ಮೆ ನೋಡಿದಾಗ ನನ್ನನ್ನು ಕಾಡಿದ ಪ್ರಶ್ನೆ ಬೇರೆಯದು. ಮೊದಲ ವರ್ಷ, ಅಂದರೆ 2009-10ರಲ್ಲಿ, ಕರ್ರಿ 80 ಪಂದ್ಯಗಳಲ್ಲಿ ಸರಾಸರಿ 17.5 ಅಂಕ ಗಳಿಸಿದರು. ಮೂರಂಕದ 380 ಎಸೆತಗಳಲ್ಲಿ 166 ಬುಟ್ಟಿಗೆ ಬಿದ್ದವು, ಅಂದರೆ ಶೇ 43.7. ಎರಡನೇ ವರ್ಷ ಶೇ 44.2, ಕುಂಟುತ್ತಲೇ ಕಳೆದ ಮೂರನೇ ವರ್ಷ ಶೇ 45.5. ಜಗತ್ತು ಬೆರಗಾದ 2012-13ರಲ್ಲಿ ಶೇ 45.3. ಗುರಿ ಎಲ್ಲಿ ಬದಲಾಯಿತು? ಬದಲಾದದ್ದು ಎಸೆತಗಳ ಸಂಖ್ಯೆ. ಮೊದಲ ಮೂರು ವರ್ಷ ಪಂದ್ಯವೊಂದಕ್ಕೆ ಐದಕ್ಕಿಂತ ಕಡಿಮೆಯಿದ್ದದ್ದು ನಾಲ್ಕನೇ ವರ್ಷ ಏಳೂವರೆಯನ್ನು ದಾಟಿತು. ಆಟಗಾರ ಮೊದಲ ದಿನದಿಂದಲೇ ಸಿದ್ಧನಿದ್ದ, ಅವನ ಕೈಗೆ ಚೆಂಡು ಕೊಡಲು ತಂಡಕ್ಕೆ ಮೂರು ವರ್ಷ ಬೇಕಾಯಿತು ಎಂಬುದು ನನ್ನ ಅನಿಸಿಕೆ. ಕಾಲಿನ ನೋವೇ ಮುಖ್ಯ ಕಾರಣವೆಂದು ಎಲ್ಲರೂ ಬರೆಯುತ್ತಾರೆ. ನೀವು ಏನೆನ್ನುತ್ತೀರಿ?

ಏಳನೇ ಆಯ್ಕೆ
ಒಳ್ಳೆಯ ಪ್ರಶ್ನೆ. ಆದರೆ ಎಸೆತಗಳು ಕಡಿಮೆಯಾದದ್ದಕ್ಕೆ ಅವರು ಅಂಗಣದಲ್ಲಿ ಕಡಿಮೆ ಹೊತ್ತು ಇದ್ದದ್ದೇ ಕಾರಣ ಇರಬಹುದಲ್ಲವೇ?

ಸಂಜೆಯ ಅಂಗಣ
ಇಲ್ಲ. ಮೊದಲ ವರ್ಷ ಪಂದ್ಯಕ್ಕೆ ಸರಾಸರಿ 36.2 ನಿಮಿಷ ಆಡಿದ್ದರು, ನಾಲ್ಕನೇ ವರ್ಷ 38.2 ನಿಮಿಷ. ಎರಡು ನಿಮಿಷದ ವ್ಯತ್ಯಾಸಕ್ಕೆ ಮೂರು ಎಸೆತ ಹೆಚ್ಚಾಗುವುದಿಲ್ಲ.

ಅಂಕಿಸಂಖ್ಯೆ
ಅಂಕಿಗಳು ಸರಿಯಾಗಿವೆ, ಆದರೆ ಅವುಗಳಿಂದ ನೀವು ತೆಗೆದ ತೀರ್ಮಾನವನ್ನು ಒಪ್ಪಲಾರೆ. ಎಸೆತಗಳ ಸಂಖ್ಯೆ ಅರ್ಧಕ್ಕಿಂತಲೂ ಹೆಚ್ಚು ಏರಿದಾಗ ಸಾಮಾನ್ಯವಾಗಿ ಗುರಿಯ ಪ್ರಮಾಣ ಇಳಿಯುತ್ತದೆ. ಮೊದಲಿನ ಐದು ಎಸೆತಗಳು ಬಿಡುವಾಗಿ ನಿಂತು ಎಸೆಯುವಂಥವು. ಆಮೇಲೆ ಸೇರುವ ಮೂರು ಎಸೆತಗಳು ಎದುರಾಳಿಯ ಕೈ ಮುಖದ ಮುಂದಿರುವಾಗ, ಓಡುತ್ತಲೇ ನಿಂತು, ಇಪ್ಪತ್ತನಾಲ್ಕು ಸೆಕೆಂಡಿನ ಗಡಿಯಾರ ಮುಗಿಯುತ್ತಿರುವಾಗ ಎಸೆಯುವಂಥವು. ಅಂಥವನ್ನು ಸೇರಿಸಿಕೊಂಡೂ ಪ್ರಮಾಣ ಹಾಗೆಯೇ ಉಳಿದರೆ ಆಟಗಾರ ಮೊದಲಿನವನೇ ಎನ್ನುವುದು ತಪ್ಪು. ಆತ ಬಹಳ ಮುಂದೆ ಹೋಗಿದ್ದಾನೆ ಎಂದೇ ಅರ್ಥ. ಹಾಗಾಗಿ 2009ರ ಕರ್ರಿ ಸಿದ್ಧ ಆಟಗಾರನಾಗಿದ್ದನೆಂಬ ಮಾತನ್ನು ಒಪ್ಪುವುದಿಲ್ಲ. ಸಿದ್ಧವಾಗಿದ್ದದ್ದು ಮಣಿಕಟ್ಟು ಮಾತ್ರ.

ಎಲ್ಲಿಸ್ ಪಕ್ಷ
ಮಾಂಟಾ ಎಲ್ಲಿಸ್ ಅವರ ಹೆಸರು ಇನ್ನೂ ಯಾರ ಬಾಯಲ್ಲೂ ಬಂದಿಲ್ಲ, ಹಾಗಾಗಿ ನಾನೇ ಹೇಳುತ್ತೇನೆ. ಕರ್ರಿ ಬಂದಾಗ ಆ ತಂಡ ಎಲ್ಲಿಸ್ ಅವರದು. 2005ರಲ್ಲಿ ಪ್ರೌಢಶಾಲೆಯಿಂದ ನೇರವಾಗಿ ಬಂದು, ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ 40ನೇ ಆಯ್ಕೆಯಾಗಿ ಸೇರಿ, ಬೆವರು ಸುರಿಸಿ ಮೇಲೆ ಬಂದ ಆಟಗಾರ ಅವರು. 2009-10ರಲ್ಲಿ ಪಂದ್ಯಕ್ಕೆ 41.4 ನಿಮಿಷ ಆಡಿದರು, ಇಡೀ ಲೀಗ್‌ನಲ್ಲಿ ಯಾರೂ ಅಷ್ಟು ಆಡಲಿಲ್ಲ. ಸರಾಸರಿ 25.5 ಅಂಕ ಗಳಿಸಿದರು. ಋತು ಶುರುವಾಗುವ ಮುನ್ನ, ತಾವು ಮತ್ತು ಕರ್ರಿ, ಹೀಗೆ ಚೆಂಡು ಮುನ್ನಡೆಸುವ ಇಬ್ಬರು ಕುಳ್ಳ ಗಾರ್ಡ್‌ಗಳು ಒಟ್ಟಿಗೆ ಆಡಿದರೆ ತಂಡ ಗೆಲ್ಲುವುದಿಲ್ಲವೆಂದು ಪತ್ರಕರ್ತರ ಮುಂದೆ ಮುಚ್ಚುಮರೆಯಿಲ್ಲದೆ ಹೇಳಿದ್ದಕ್ಕೆ ಅವರನ್ನು ಇಂದಿಗೂ ದೂರುತ್ತಾರೆ. ಆದರೆ ಮುಂದಿನ ಎರಡು ವರ್ಷಗಳ ಫಲಿತಾಂಶ ನೋಡಿ: 26 ಗೆಲುವು 56 ಸೋಲು, ಆಮೇಲೆ 36 ಗೆಲುವು 46 ಸೋಲು. ಅವರ ಮಾತು ಒರಟಾಗಿತ್ತು, ಸುಳ್ಳಾಗಿರಲಿಲ್ಲ. ತಂಡ ಕರ್ರಿಗೆ ಚೆಂಡು ಕೊಡಲಿಲ್ಲವೆಂದು ಬರೆಯುವವರು, ಆ ಚೆಂಡನ್ನು ಹಿಡಿದಿದ್ದವರು ಎಷ್ಟು ಚೆನ್ನಾಗಿ ಆಡುತ್ತಿದ್ದರೆಂಬುದನ್ನೂ ಬರೆಯಬೇಕು.

ಏಳನೇ ಆಯ್ಕೆ
ಎಲ್ಲಿಸ್ ಅವರ ಬಗ್ಗೆ ನನಗೂ ಗೌರವವಿದೆ. ಆದರೆ ಆ ವರ್ಷ ಅವರು ಎರಡಂಕದ ಎಸೆತಗಳೂ ಸೇರಿ ಪಂದ್ಯಕ್ಕೆ ಒಟ್ಟು 22 ಬಾರಿ ಬುಟ್ಟಿಗೆ ಎಸೆದರು, ಕರ್ರಿ 14 ಬಾರಿ. ನಮ್ಮ ಮೂಲ ಪ್ರಶ್ನೆಗೆ ಉತ್ತರ ಇದರಲ್ಲೇ ಇದೆಯಲ್ಲ.

ಎಲ್ಲಿಸ್ ಪಕ್ಷ
ಹೊಸ ಹುಡುಗನೊಬ್ಬ ಬಂದ ಮೊದಲ ದಿನವೇ ತಂಡದ ಮುಖ್ಯ ಆಟಗಾರ ಪಕ್ಕಕ್ಕೆ ಸರಿದು ನಿಲ್ಲಬೇಕೆಂದು ಯಾವ ಆಟದಲ್ಲಿ ಬರೆದಿದೆ, ತಿಳಿಸಿ.

ಕರಾವಳಿ
ಇಬ್ಬರೂ ಮೊದಲ ವರ್ಷವನ್ನು ಸ್ವಲ್ಪ ಅವಸರದಲ್ಲಿ ದಾಟಿಬಿಟ್ಟಿರಿ. ಅಲ್ಲಿ ನಿಂತು ನೋಡಬೇಕಾದ ಸಂಗತಿಗಳು ಹಲವಿವೆ. 2009ರ ಡ್ರಾಫ್ಟ್‌ನಲ್ಲಿ ಮಿನ್ನೆಸೋಟ ತಂಡಕ್ಕೆ ಐದನೆಯ ಮತ್ತು ಆರನೆಯ ಸರದಿ ಎರಡೂ ಸಿಕ್ಕಿದ್ದವು. ಎರಡನ್ನೂ ಆಟ ನಡೆಸುವ ಪಾಯಿಂಟ್ ಗಾರ್ಡ್‌ಗಳಿಗೇ ಬಳಸಿದರು: ರಿಕಿ ರೂಬಿಯೊ ಮತ್ತು ಜಾನಿ ಫ್ಲಿನ್. ಕರ್ರಿಯನ್ನು ಬಿಟ್ಟರು. ಎಂಟನೆಯ ಸರದಿಯಲ್ಲಿ ಕಾದಿದ್ದ ನ್ಯೂಯಾರ್ಕ್ ನಿಕ್ಸ್ ತಂಡಕ್ಕೆ ಅವರು ಬೇಕಾಗಿದ್ದರು. ಏಳನೆಯ ಸರದಿಯಲ್ಲಿ ಗೋಲ್ಡನ್ ಸ್ಟೇಟ್ ಎತ್ತಿಕೊಂಡಿತು.

ಡೇವಿಡ್ಸನ್ ಎಂಬ ಸಣ್ಣ ಕಾಲೇಜಿನಿಂದ ಬಂದವರು, ತೆಳ್ಳನೆಯ ಮೈ, ಮೊದಲ ನೋಟಕ್ಕೆ ವೃತ್ತಿಪರ ಆಟಗಾರನೆಂದೇ ಅನಿಸದ ಮುಖ. ತಂದೆ ಡೆಲ್ ಕರ್ರಿ ಹದಿನಾರು ಋತು ಎನ್‌ಬಿಎ ಆಡಿದವರಾದರೂ, ತಂದೆ ಓದಿದ ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯ ಮಗನಿಗೆ ವಿದ್ಯಾರ್ಥಿವೇತನ ಕೊಟ್ಟು ಕರೆಯಲಿಲ್ಲ. ಅದೇ ಹುಡುಗ 2008ರ ಕಾಲೇಜು ಟೂರ್ನಿಯಲ್ಲಿ ಡೇವಿಡ್ಸನ್ ತಂಡವನ್ನು ಕೊನೆಯ ಎಂಟರವರೆಗೆ ಕೊಂಡೊಯ್ದು, ಕಾನ್ಸಾಸ್ ಎದುರು 59-57ರಿಂದ ಸೋತ.

ವೃತ್ತಿಪರ ಆಟದ ಮೊದಲ ವರ್ಷದ ಕೊನೆಯ ಪಂದ್ಯವನ್ನು ಯಾರಾದರೂ ನೋಡಿದ್ದೀರಾ? 2010ರ ಏಪ್ರಿಲ್ 14, ಪೋರ್ಟ್‌ಲ್ಯಾಂಡ್. ಗಾಯಾಳುಗಳಿಂದ ವಾರಿಯರ್ಸ್ ತಂಡ ಪೂರ್ತಿ ಬಡವಾಗಿತ್ತು. ಕರ್ರಿ 42 ಅಂಕ, 9 ರೀಬೌಂಡ್ (ಬುಟ್ಟಿ ತಪ್ಪಿ ಮರಳಿದ ಚೆಂಡು ಹಿಡಿಯುವುದು), 8 ಅಸಿಸ್ಟ್ (ಜೊತೆಗಾರನ ಅಂಕಕ್ಕೆ ದಾರಿ ಮಾಡುವ ಪಾಸ್) ಗಳಿಸಿದರು. ವರ್ಷದ ಹೊಸ ಆಟಗಾರನ ಪ್ರಶಸ್ತಿ ಸರಾಸರಿ 20 ಅಂಕ, ಐದು ರೀಬೌಂಡ್, ಐದು ಅಸಿಸ್ಟ್ ದಾಟಿದ್ದ ಟೈರೀಕ್ ಇವಾನ್ಸ್ ಅವರಿಗೆ ಹೋಯಿತು, ಕರ್ರಿ ಎರಡನೆಯವರಾದರು. ಆಗ ಅದನ್ನು ಅನ್ಯಾಯವೆಂದು ಯಾರೂ ಹೇಳಲಿಲ್ಲ, ಈಗಲೂ ಹೇಳಬೇಕಾಗಿಲ್ಲ.

ಅಂಕಿಸಂಖ್ಯೆ
ಇನ್ನೊಂದು ಸೇರಿಸಿಕೊಳ್ಳಿ. ಆ 166 ಮೂರಂಕಗಳು ಅಂದಿಗೆ ಹೊಸ ಆಟಗಾರನ ದಾಖಲೆ. 2012-13ರಲ್ಲಿ ಡೇಮಿಯನ್ ಲಿಲ್ಲಾರ್ಡ್ 185 ಹೊಡೆದು ಅದನ್ನು ಮುರಿದರು.

ಕೀಲು ಮೂಳೆ
ನಾನು ಫಿಸಿಯೊಥೆರಪಿ ಮಾಡುವವಳು. ಇಲ್ಲಿ ಕಾಲಿನ ವಿಷಯವನ್ನು ಪಕ್ಕಕ್ಕೆ ಸರಿಸಿ ಮಾತು ಮುಂದುವರಿಯುತ್ತಿರುವುದು ಸರಿಯಲ್ಲವೆಂದು ತೋರುತ್ತದೆ. ಉಳುಕು ಎಂಬ ಒಂದೇ ಪದದಲ್ಲಿ ನಾವು ಎಷ್ಟೋ ಬಗೆಯ ಪೆಟ್ಟುಗಳನ್ನು ಅಡಗಿಸಿಬಿಡುತ್ತೇವೆ. ಪಾದ ಒಳಮುಖವಾಗಿ ಮಡಚಿಕೊಂಡಾಗ ಕೀಲಿನ ಹೊರಬದಿಯ ಅಸ್ಥಿರಜ್ಜು ಎಳೆದುಕೊಳ್ಳುತ್ತದೆ, ಕೆಲವೊಮ್ಮೆ ಹರಿಯುತ್ತದೆ. ಊತ ಇಳಿದು ನೋವು ಹೋದ ಮೇಲೂ ಆ ಕೀಲಿಗೆ ತಾನು ಯಾವ ಕೋನದಲ್ಲಿ ನಿಂತಿದ್ದೇನೆಂಬ ಅರಿವು ಮೊದಲಿನಷ್ಟು ಚುರುಕಾಗಿರುವುದಿಲ್ಲ. ಆ ಅರಿವನ್ನು ವ್ಯಾಯಾಮದಿಂದ ಮರಳಿ ತರದಿದ್ದರೆ ಅದೇ ಜಾಗ ಮತ್ತೆ ಮತ್ತೆ ಉಳುಕುತ್ತದೆ. ಕರ್ರಿಯ ಬಲಗಾಲಿಗೆ ಆದದ್ದು ಇದೇ. 2010-11ರ ಉದ್ದಕ್ಕೂ ಉಳುಕುತ್ತ ಹೋದದ್ದು 2011ರ ಮೇ ತಿಂಗಳಲ್ಲಿ ಶಸ್ತ್ರಚಿಕಿತ್ಸೆಗೆ ಬಂತು. ಲೀಗ್‌ನ ಬೀಗಮುದ್ರೆಯ (ಮಾಲೀಕರು ಆಟಗಾರರನ್ನು ಹೊರಗಿಟ್ಟು ಆಟ ನಿಲ್ಲಿಸಿದ್ದು) ಕಾರಣದಿಂದ ಆ ಡಿಸೆಂಬರ್‌ನಲ್ಲಿ ತಡವಾಗಿ ಶುರುವಾದ ಋತುವಿನಲ್ಲಿ ಮತ್ತೆ ಅದೇ ಕಾಲು ಉಳುಕಿತು.

2012ರ ಏಪ್ರಿಲ್‌ನಲ್ಲಿ ಎರಡನೆಯ ಶಸ್ತ್ರಚಿಕಿತ್ಸೆಯಾಯಿತು. ಒಳಗೆ ಏನಿದೆಯೆಂದು ತೆರೆದು ನೋಡುವವರೆಗೆ ವೈದ್ಯರಿಗೂ ಖಚಿತವಿರಲಿಲ್ಲ. ಮೊದಲ ಬಾರಿ ಸರಿಪಡಿಸಿದ ಅಸ್ಥಿರಜ್ಜು ಮತ್ತೆ ಹಾಳಾಗಿದ್ದರೆ ಮೃತ ದಾನಿಯೊಬ್ಬರ ಸ್ನಾಯುರಜ್ಜುವನ್ನು ತಂದು ಜೋಡಿಸಬೇಕಾಗುತ್ತಿತ್ತು, ಹಾಗಾಗಿದ್ದರೆ ಇನ್ನೂ ಒಂದು ಋತು ಬಹುಪಾಲು ಕೈತಪ್ಪುತ್ತಿತ್ತು. ಸಣ್ಣ ರಂಧ್ರದಿಂದ ಕ್ಯಾಮೆರಾ ಇಳಿಸಿ ನೋಡಿದಾಗ ಅಸ್ಥಿರಜ್ಜು ಗಟ್ಟಿಯಾಗಿಯೇ ಇತ್ತು. ಗಾಯದ ಗಂಟು ಕಟ್ಟಿದ ಅಂಗಾಂಶವನ್ನೂ ಮೂಳೆಯ ಚೂರುಗಳನ್ನೂ ತೆಗೆದು ಶುಚಿಗೊಳಿಸಿ ಹೊಲಿದರು. ಅಂದು ಕ್ಯಾಮೆರಾದಲ್ಲಿ ಬೇರೆ ಚಿತ್ರ ಕಂಡಿದ್ದರೆ ನಿಮ್ಮ ಮಕ್ಕಳ ಬೆನ್ನ ಮೇಲೆ ಬೇರೆ ಅಂಕಿ ಇರುತ್ತಿತ್ತು, ಸಂಜೆಯ ಅಂಗಣ ಅವರೇ.

ಹಳೆಯ ಪಾಯಿಂಟ್ ಗಾರ್ಡ್
ಮೇಲಿನ ಮಾತು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದೆ. ನಾನು ಮಂಡ್ಯದ ಕಡೆಯವಳು, ಜಿಲ್ಲಾ ತಂಡಕ್ಕೆ ಎರಡು ವರ್ಷ ಆಡಿದವಳು. ಸಿಮೆಂಟಿನ ಅಂಗಣದಲ್ಲಿ ರೀಬೌಂಡಿಗೆ ಜಿಗಿದು ಇನ್ನೊಬ್ಬಳ ಪಾದದ ಮೇಲೆ ಇಳಿದೆ. ಕಾಲು ಒಳಕ್ಕೆ ಮಡಚಿದಾಗ ಒಣಗಿದ ಕಡ್ಡಿ ಮುರಿದಂಥ ಸದ್ದು ಬಂದದ್ದು ಈಗಲೂ ಕಿವಿಯಲ್ಲಿದೆ. ಅಜ್ಜಿ ಹುಣಸೆಹಣ್ಣು ಕಲಸಿ, ಉಪ್ಪು ಹಾಕಿ, ಕುದಿಸಿ, ಬಿಸಿ ಆರುವ ಮುನ್ನ ಪಟ್ಟು ಹಾಕಿದರು. ಊತ ನಾಲ್ಕು ದಿನದಲ್ಲಿ ಇಳಿಯಿತು. ಎರಡನೆಯ ವಾರಕ್ಕೇ ಪಂದ್ಯವಿತ್ತು, ಆಡಿದೆ. ಆ ವರ್ಷ ಅದೇ ಕಾಲು ಐದು ಬಾರಿ ಉಳುಕಿತು. ವ್ಯಾಯಾಮದಿಂದ ಕೀಲಿಗೆ ಮತ್ತೆ ಪಾಠ ಹೇಳಬೇಕೆಂದು ನನಗೆ ಯಾರೂ ಹೇಳಲಿಲ್ಲ. ನೋವಿಲ್ಲದಿದ್ದರೆ ಆಡು, ನೋವಿದ್ದರೆ ಕೂರು ಎನ್ನುವುದಷ್ಟೇ ಅಂದಿನ ವೈದ್ಯ. ಐದನೆಯ ಸಲದ ನಂತರ ಅಂಗಣಕ್ಕೆ ಹೋಗುವುದನ್ನೇ ಬಿಟ್ಟೆ.

ಹಾಗಾಗಿ ಆ 26 ಪಂದ್ಯಗಳನ್ನು ನಾನು ಬೇರೆ ಕಣ್ಣಿನಿಂದ ನೋಡುತ್ತೇನೆ. ಕಾಲಿನ ಮೇಲೆ ನಂಬಿಕೆ ಹೋದವರಿಗೆ ಎಸೆತ ಮರೆಯುವುದಿಲ್ಲ, ಮರೆಯುವುದು ತಟ್ಟನೆ ತಿರುಗುವ ಧೈರ್ಯ. ಗೆರೆಯ ಹಿಂದೆ ನಿಂತು ಎಸೆದರೆ ಪ್ರಮಾಣ ಕೆಡುವುದಿಲ್ಲ. ಎದುರಾಳಿಯನ್ನು ತಪ್ಪಿಸಿ ತನಗಾಗಿ ಜಾಗ ಮಾಡಿಕೊಳ್ಳಲು ಕಾಲು ಬೇಕು. ಎಸೆತಗಳ ಸಂಖ್ಯೆ ಆ ಮೂರು ವರ್ಷ ಏರದಿರಲು ಎಲ್ಲಿಸ್ ಅವರಷ್ಟೇ ಇದೂ ಕಾರಣವಾಗಿರಬೇಕು.

ಸಂಜೆಯ ಅಂಗಣ
ಅಕ್ಕ, ನಿಮ್ಮ ಈ ಕೊನೆಯ ಮಾತು ನನ್ನ ವಾದವನ್ನು ಅರ್ಧ ಅಲ್ಲಾಡಿಸಿತು. ಆದರೆ ಮೊದಲ ವರ್ಷ ಅವರು 80 ಪಂದ್ಯ ಆಡಿದ್ದಾರೆ. ಆಗಲೂ ಎಸೆತಗಳು ಪಂದ್ಯಕ್ಕೆ ಐದರೊಳಗೇ ಇದ್ದವು.

ಓಕ್ಲೆಂಡಿನ ನೆನಪು
ನಾನು ಆ ವರ್ಷಗಳಲ್ಲಿ ಫ್ರೀಮಾಂಟ್‌ನಲ್ಲಿದ್ದೆ. ಕೆಲಸ ಮುಗಿಸಿ ರೈಲು ಹತ್ತಿ, ಕಾಲಿಸಿಯಮ್ ನಿಲ್ದಾಣದಲ್ಲಿ ಇಳಿದು, ಉದ್ದನೆಯ ಕಾಲ್ಸೇತುವೆಯ ಮೇಲೆ ನಡೆದು ವಾರಿಯರ್ಸ್ ತಂಡದ ಅಂದಿನ ತವರು ಅಂಗಣವಾದ ಓರಾಕಲ್ ಅರೀನಾ ಸೇರುತ್ತಿದ್ದೆವು. ತಂಡ ಸೋಲುತ್ತಿದ್ದರೂ ಆ ಕಟ್ಟಡ ತುಂಬುತ್ತಿತ್ತು. ಅಲ್ಲಿನ ಜನ ಎಲ್ಲಿಸ್ ಅವರನ್ನು ಎಷ್ಟು ಪ್ರೀತಿಸುತ್ತಿದ್ದರೆಂಬುದನ್ನು ದೂರದಿಂದ ಅಳೆಯುವುದು ಕಷ್ಟ.

2012ರ ಮಾರ್ಚ್ 13ರಂದು ಅವರನ್ನು ಮಿಲ್ವಾಕಿಗೆ ಕಳಿಸಿದರು. ಬದಲಿಗೆ ಬಂದ ಆಂಡ್ರ್ಯೂ ಬೊಗಟ್ ಅವರ ಪಾದದ ಕೀಲೇ ಮುರಿದಿತ್ತು, ಆ ಋತುವಿನಲ್ಲಿ ಅವರು ಆಡುವಂತಿರಲಿಲ್ಲ. ಕರ್ರಿಯ ಕಾಲೂ ಸರಿಯಿರಲಿಲ್ಲ. ಇದ್ದವರಲ್ಲಿ ಗಟ್ಟಿಯಾಗಿ ನಿಂತಿದ್ದ ಒಬ್ಬನನ್ನು ಕೊಟ್ಟು ಕುಂಟುವವನನ್ನು ತಂದರೆಂದು ಜನ ಕೆರಳಿದರು. ಆರು ದಿನಗಳ ನಂತರ, ಮಾರ್ಚ್ 19ರಂದು, ತಂಡದ ಹಳೆಯ ತಾರೆ ಕ್ರಿಸ್ ಮಲ್ಲಿನ್ ಅವರ ಅಂಗಿಯನ್ನು ಗೌರವಾರ್ಥ ಛಾವಣಿಗೇರಿಸುವ ಸಮಾರಂಭವಿತ್ತು. ಮಾಲೀಕ ಜೋ ಲೇಕಬ್ ಮೈಕ್ ಹಿಡಿದದ್ದೇ ತಡ, ಇಡೀ ಅಂಗಣ ಕೂಗಲು ಶುರು ಮಾಡಿತು. ಮಲ್ಲಿನ್ ಬಂದು ಸಮಾಧಾನ ಹೇಳಿದರು, ಕೇಳಲಿಲ್ಲ. ಇನ್ನೊಬ್ಬ ಹಳೆಯ ತಾರೆ ರಿಕ್ ಬ್ಯಾರಿ ಬಂದು ಗದರಿದರು, ಕೂಗು ಇನ್ನೂ ಜೋರಾಯಿತು. ಮೇಲಿನ ಸಾಲಿನಲ್ಲಿದ್ದ ನಾನೂ ಗಂಟಲು ಕಟ್ಟುವಷ್ಟು ಕೂಗಿದವನೇ.

ಅಂದು ತಂಡ ಏನನ್ನು ಪಣಕ್ಕಿಟ್ಟಿತ್ತೆಂಬುದು ನನಗೆ ಆಮೇಲೆ ಅರ್ಥವಾಯಿತು. ಒಂದು ಋತುವಿನಲ್ಲಿ 26 ಪಂದ್ಯ ಆಡಿ ಮುಗಿಸಲಿದ್ದ ಹುಡುಗನಿಗಾಗಿ ಅವರು ಜಾಗ ಖಾಲಿ ಮಾಡಿದ್ದರು.

ಏಳನೇ ಆಯ್ಕೆ
ತಮ್ಮಂತೆ ಕೂಗಿದವರು ಇದನ್ನು ಬರೆಯುವುದು ಅಪರೂಪ. ಧನ್ಯವಾದ ಸರ್.

ಎಲ್ಲಿಸ್ ಪಕ್ಷ
ಇಲ್ಲೊಂದು ಸಂಗತಿ ಎಲ್ಲರೂ ಮರೆಯುತ್ತಾರೆ. ಎಲ್ಲಿಸ್ ಅವರೂ 2008ರ ಬೇಸಿಗೆಯಲ್ಲಿ ಮೊಪೆಡ್‌ನಿಂದ ಬಿದ್ದು ಪಾದದ ಕೀಲಿಗೇ ಪೆಟ್ಟು ಮಾಡಿಕೊಂಡಿದ್ದರು. ಕರಾರಿಗೆ ವಿರುದ್ಧವಾಗಿ ವಾಹನ ಓಡಿಸಿದ್ದಕ್ಕೆ ತಂಡ 30 ಪಂದ್ಯಗಳ ಅಮಾನತು ವಿಧಿಸಿತು. ಅದರಿಂದ ಎದ್ದು ಬಂದು ಲೀಗ್‌ನಲ್ಲೇ ಅತಿ ಹೆಚ್ಚು ಹೊತ್ತು ಆಡಿದರು. ಕಾಲು ಮುರಿದು ಎದ್ದ ಕಥೆ ಆ ತಂಡದಲ್ಲಿ ಒಂದೇ ಇರಲಿಲ್ಲ.

ಹಳೆಯ ಪಾಯಿಂಟ್ ಗಾರ್ಡ್
ಇದು ನನಗೆ ಗೊತ್ತಿರಲಿಲ್ಲ. ಅವರ ಬಗ್ಗೆ ನನ್ನ ಮನಸ್ಸು ಬದಲಾಯಿತು.

ಕರಾವಳಿ
ತರಬೇತುದಾರರನ್ನು ಯಾಕೆ ಬಿಟ್ಟಿರಿ? ಮೂರು ವರ್ಷಕ್ಕೆ ಮೂವರು. ಮೊದಲ ವರ್ಷ ಡಾನ್ ನೆಲ್ಸನ್, 2010ರ ಏಪ್ರಿಲ್‌ನಲ್ಲಿ 1,333ನೇ ಗೆಲುವಿನೊಂದಿಗೆ ಅಂದಿಗೆ ಲೀಗ್‌ನ ಇತಿಹಾಸದಲ್ಲೇ ಅತಿ ಹೆಚ್ಚು ಗೆದ್ದ ಕೋಚ್ ಆದವರು. ಓಟದ ಆಟವನ್ನು ಇಷ್ಟಪಡುತ್ತಿದ್ದ ಅವರ ಕೈಕೆಳಗೆ ಕರ್ರಿಗೆ ಉಸಿರಾಡಲು ಜಾಗವಿತ್ತು. ಎರಡನೆಯ ವರ್ಷ ಕೀತ್ ಸ್ಮಾರ್ಟ್ ಬಂದರು. ಚೆಂಡು ಕಳೆದುಕೊಂಡರೆಂದು ಕರ್ರಿಯನ್ನು ಪಂದ್ಯದ ಕೊನೆಯ ಕಾಲುಭಾಗದಲ್ಲಿ ಬೆಂಚಿನ ಮೇಲೆ ಕೂರಿಸಿ, ಏಸಿ ಲಾ ಎಂಬ ಗಾರ್ಡ್‌ನನ್ನು ಆಡಿಸಿದ ಪಂದ್ಯಗಳಿವೆ. ಆ ವರ್ಷದ ಸರಾಸರಿ 33.6 ನಿಮಿಷಕ್ಕೆ ಇಳಿಯಿತು. ಮೂರನೆಯ ವರ್ಷ ಬಂದ ಮಾರ್ಕ್ ಜಾಕ್ಸನ್ ಸ್ವತಃ ಹಳೆಯ ಪಾಯಿಂಟ್ ಗಾರ್ಡ್. ಎಸೆಯುವುದಕ್ಕೆ ಹಿಂಜರಿಯಬೇಡ ಎಂಬ ಧೋರಣೆ ಅವರದು. ಅವರ ಮೊದಲ ವರ್ಷ ಕರ್ರಿಯ ಕಾಲು ಬಿಡಲಿಲ್ಲ. ಎರಡನೆಯ ವರ್ಷ ಮೂರಂಕದ 600 ಎಸೆತ.

ಅಂಕಿಸಂಖ್ಯೆ
ಕೊನೆಯ ಕಾಲುಭಾಗದಲ್ಲಿ ಕೂರಿಸಿದ್ದನ್ನು ನಾನು ಅಷ್ಟು ದೊಡ್ಡ ತಪ್ಪೆಂದು ಹೇಳಲಾರೆ. ಪಂದ್ಯಕ್ಕೆ ಮೂರು ಬಾರಿ ಚೆಂಡು ಕಳೆದುಕೊಳ್ಳುತ್ತಿದ್ದರು. ಇಪ್ಪತ್ತೆರಡು ವರ್ಷದ ಗಾರ್ಡ್‌ಗೆ ಅದೂ ಒಂದು ಪಾಠ.

ಕರಾವಳಿ
2012-13ರಲ್ಲೂ ಸರಾಸರಿ ಮೂರು ಬಾರಿಯೇ ಕಳೆದುಕೊಂಡಿದ್ದಾರೆ. ಆಗ ಯಾರೂ ಕೂರಿಸಲಿಲ್ಲವಲ್ಲ?

ಅಂಕಿಸಂಖ್ಯೆ
ಒಪ್ಪಿದೆ. ಅದನ್ನು ನಾನು ನೋಡಿರಲಿಲ್ಲ.

ಏಳನೇ ಆಯ್ಕೆ
ಈಗ ಕರಾರಿನ ವಿಷಯಕ್ಕೆ ಬರೋಣ. 2012ರ ಅಕ್ಟೋಬರ್ 31, ಗಡುವಿನ ದಿನ. ಋತುಪೂರ್ವ ಪಂದ್ಯದಲ್ಲಿ ಮತ್ತೊಮ್ಮೆ ಕಾಲು ಉಳುಕಿ ಹೆಚ್ಚು ದಿನಗಳಾಗಿರಲಿಲ್ಲ. ನಾಲ್ಕು ವರ್ಷಕ್ಕೆ 4.4 ಕೋಟಿ ಡಾಲರ್‌ಗೆ ಕರ್ರಿ ಸಹಿ ಹಾಕಿದರು. ಕಡಿಮೆಯಾಯಿತೆಂದು ಇಂದು ಎಲ್ಲರೂ ಹೇಳುತ್ತಾರೆ. ನನ್ನ ಪ್ರಕಾರ ಅಂದಿಗೆ ಅದು ಇಬ್ಬರಿಗೂ ನ್ಯಾಯವಾದ ಒಪ್ಪಂದ.

ಬೆಳಗಿನ ಆರು ಗಂಟೆ
ನ್ಯಾಯವಾದದ್ದು ಮಾತ್ರವಲ್ಲ, ತಂಡದ ಕಡೆಯಿಂದ ಧೈರ್ಯದ್ದೂ ಹೌದು. ಗ್ರಾಂಟ್ ಹಿಲ್ ಅವರ ಕಥೆ ಅಂದು ಎಲ್ಲ ಮಾಲೀಕರ ನೆನಪಿನಲ್ಲೂ ಇತ್ತು. 2000ನೇ ಇಸವಿಯಲ್ಲಿ ಎಡಗಾಲಿನ ಕೀಲು ಮುರಿದ ಸ್ಥಿತಿಯಲ್ಲೇ ಒರ್ಲಾಂಡೊ ತಂಡ ಸುಮಾರು 9.3 ಕೋಟಿ ಡಾಲರ್ ಕೊಟ್ಟು ಅವರನ್ನು ತಂದಿತ್ತು. ಮೊದಲ ಮೂರು ಋತುಗಳಲ್ಲಿ ಅವರು ಆಡಿದ್ದು ನಾಲ್ಕು, ಹದಿನಾಲ್ಕು, ಇಪ್ಪತ್ತೊಂಬತ್ತು, ಒಟ್ಟು 47 ಪಂದ್ಯ. ಮೈಕಲ್ ಜೋರ್ಡನ್ ಅವರ ನಂತರ ಯಾರು ಎಂಬ ಪ್ರಶ್ನೆಗೆ ಉತ್ತರವಾಗಿ ಹಿಲ್ ಅವರನ್ನು ತೋರಿಸುತ್ತಿದ್ದ ಕಾಲವದು. ಪಾದದ ಕೀಲು ಎಂಥ ಪ್ರತಿಭೆಯನ್ನೂ ನುಂಗಬಲ್ಲದೆಂದು ಗೊತ್ತಿದ್ದೂ ವಾರಿಯರ್ಸ್ ಕಾಗದ ಮುಂದಿಟ್ಟಿತು.

ಜೋರ್ಡನ್ ಅವರ ಎರಡನೆಯ ಋತುವೂ ಇಂಥದ್ದೇ. 1985ರ ಅಕ್ಟೋಬರ್‌ನಲ್ಲಿ, ಮೂರನೆಯ ಪಂದ್ಯದಲ್ಲೇ ಎಡಪಾದದ ಮೂಳೆ ಮುರಿದು, ಆ ವರ್ಷ 18 ಪಂದ್ಯ ಮಾತ್ರ ಆಡಿದರು. ಮರಳಿ ಬಂದಾಗ ತಂಡ ಅವರ ನಿಮಿಷಗಳನ್ನು ಎಣಿಸಿ ಕೊಡುತ್ತಿತ್ತು. ಅದೇ ಏಪ್ರಿಲ್‌ನಲ್ಲಿ ಬಾಸ್ಟನ್ ಎದುರು 63 ಅಂಕ ಹೊಡೆದರು. ಮೊದಲ ವರ್ಷಗಳಲ್ಲೇ ದೇಹ ಕೈಕೊಟ್ಟ ದೊಡ್ಡ ಆಟಗಾರ ಕರ್ರಿ ಒಬ್ಬರೇ ಅಲ್ಲ.

ಎಲ್ಲಿಸ್ ಪಕ್ಷ
ಜೋರ್ಡನ್ ಅವರದು ಒಂದೇ ಮೂಳೆ, ಒಂದೇ ಬಾರಿ ಮುರಿದದ್ದು. ಮೂಳೆ ಕೂಡಿದ ಮೇಲೆ ಮುಗಿಯಿತು. ಕರ್ರಿಯದು ಮರುಕಳಿಸುವ ಗಾಯ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಕೀಲು ಮೂಳೆ
ಈ ಮಾತು ವೈದ್ಯಕೀಯವಾಗಿಯೂ ಸರಿ.

ಓಕ್ಲೆಂಡಿನ ನೆನಪು
ಕರಾರಿನ ಬಗ್ಗೆ ಒಂದು ಮಾತು. 2015-16ರಲ್ಲಿ ಅವರನ್ನು ಅತ್ಯಂತ ಮೌಲ್ಯಯುತ ಆಟಗಾರನೆಂದು ಒಂದು ಮತವೂ ತಪ್ಪದಂತೆ ಸರ್ವಾನುಮತದಿಂದ ಆರಿಸಿದರು. ಆ ಋತುವಿನಲ್ಲಿ ಅವರ ಸಂಬಳ ಸ್ವಂತ ತಂಡದಲ್ಲೇ ಐದನೆಯ ಸ್ಥಾನದಲ್ಲಿತ್ತು. ಆ ಉಳಿತಾಯದ ಜಾಗವೇ ಮುಂದೆ ತಂಡ ಕಟ್ಟಲು ಒದಗಿತು. ಅಂದ ಹಾಗೆ, 2010ರಲ್ಲಿ 45 ಕೋಟಿ ಡಾಲರ್‌ಗೆ ಆ ತಂಡವನ್ನು ಕೊಂಡ ಗುಂಪಿನಲ್ಲಿ ಮುಂಬೈಯಲ್ಲಿ ಹುಟ್ಟಿದ ವಿವೇಕ್ ರಣದಿವೆ ಕೂಡ ಇದ್ದರು; 2013ರಲ್ಲಿ ಅವರು ಸ್ಯಾಕ್ರಮೆಂಟೊ ತಂಡದ ಕಡೆಗೆ ಹೋದರು.

ಬೆಳಗಿನ ಆರು ಗಂಟೆ
ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನ ಆ ರಾತ್ರಿಯ ಬಗ್ಗೆ ಬರೆಯದಿದ್ದರೆ ಈ ಚರ್ಚೆ ಅರ್ಧವಾದೀತು. ನಮಗೆ ಅದು 2013ರ ಫೆಬ್ರವರಿ 28ರ ಬೆಳಗಿನ ಆರು ಗಂಟೆ. ಹಾಸ್ಟೆಲ್‌ನ ಕೋಣೆಯಲ್ಲಿ ಉಳಿದವರ ನಿದ್ದೆ ಕೆಡದಿರಲೆಂದು ಧ್ವನಿ ಮುಚ್ಚಿ ನೋಡುತ್ತಿದ್ದೆ. ಹಿಂದಿನ ರಾತ್ರಿ ಇಂಡಿಯಾನಾದಲ್ಲಿ ಆಡಿ ಬಂದಿದ್ದರು. ಅಲ್ಲಿನ ತಳ್ಳಾಟದ ಕಾರಣ ಡೇವಿಡ್ ಲೀ ಒಂದು ಪಂದ್ಯದ ಅಮಾನತಿನಲ್ಲಿದ್ದರು. ದಣಿದ ತಂಡ, ಒಬ್ಬ ಮುಖ್ಯ ಆಟಗಾರನೂ ಇಲ್ಲ. ಕರ್ರಿ 48 ನಿಮಿಷವೂ ಅಂಗಣ ಬಿಟ್ಟು ಕದಲಲಿಲ್ಲ. ಮೂರಂಕದ 13 ಎಸೆತಗಳಲ್ಲಿ 11, ಒಟ್ಟು 54 ಅಂಕ. ಎದುರಾಳಿಯ ತವರಿನ ಜನರೇ ಒಂದೊಂದು ಎಸೆತಕ್ಕೂ ಎದ್ದು ನಿಲ್ಲುತ್ತಿದ್ದುದು ಸದ್ದಿಲ್ಲದ ಪರದೆಯ ಮೇಲೂ ಕಾಣುತ್ತಿತ್ತು. 109-105ರಿಂದ ನಿಕ್ಸ್ ಗೆದ್ದಿತು, ಟೈಸನ್ ಚಾಂಡ್ಲರ್ 28 ರೀಬೌಂಡ್ ಹಿಡಿದಿದ್ದರು. ಕಿಟಕಿಯಾಚೆ ಬೆಳಕು ಹರಿದಿತ್ತು. ನಾನು ಹಲ್ಲುಜ್ಜುವುದನ್ನೂ ಮರೆತು ತರಗತಿಗೆ ಹೋದೆ.

ಎರಡು ಕಾಲೂ ಗಟ್ಟಿಯಾಗಿದ್ದ, ಕೈಗೆ ಚೆಂಡು ಸಿಕ್ಕಿದ್ದ, ಹಿಂಜರಿಯಬೇಡ ಎಂದ ಕೋಚ್ ಇದ್ದ ದಿನ ಹೇಗಿರುತ್ತದೆಂಬುದು ಅಂದು ಕಂಡಿತು. ಆ ಋತು ಮುಗಿಯುವಾಗ 272 ಮೂರಂಕ, 2005-06ರಲ್ಲಿ ರೇ ಅಲೆನ್ ಹೊಡೆದಿದ್ದ 269ಕ್ಕಿಂತ ಮೂರು ಹೆಚ್ಚು. ಆ ವರ್ಷವೂ ಅವರನ್ನು ಲೀಗ್‌ನ ಆಯ್ದ ತಾರೆಯರ ಆಲ್‌ಸ್ಟಾರ್ ಪಂದ್ಯಕ್ಕೆ ಆರಿಸಿರಲಿಲ್ಲ, ಆ ತಂಡದಿಂದ ಹೋದವರು ಡೇವಿಡ್ ಲೀ.

ಏಳನೇ ಆಯ್ಕೆ
ತಂಡದ ದೈಹಿಕ ತರಬೇತುದಾರ ಕೀಕಿ ಲೈಲ್ಸ್ ಅವರ ಹೆಸರು ಹೇಳದಿದ್ದರೆ ಹೇಗೆ? ಪಾದದ ಭಾರವನ್ನು ಸೊಂಟಕ್ಕೆ ವರ್ಗಾಯಿಸುವ ತರಬೇತಿ ಕೊಟ್ಟು ಕರ್ರಿಯನ್ನು ಉಳಿಸಿದ್ದೇ ಅವರು. 2012-13ರ ಸಾಧನೆಗೆ ಅದೇ ಮೂಲ.

ಕರಾವಳಿ
ತಿದ್ದುಪಡಿ: ಲೈಲ್ಸ್ ವಾರಿಯರ್ಸ್ ಸೇರಿದ್ದು 2013ರಲ್ಲಿ. ಅಷ್ಟು ಹೊತ್ತಿಗೆ ಕರ್ರಿ 78 ಪಂದ್ಯ ಆಡಿ, ದಾಖಲೆ ಮುರಿದು, ಡೆನ್ವರ್ ತಂಡವನ್ನು ಪ್ಲೇಆಫ್ ಎಂಬ ಕೊನೆಯ ಹಂತದ ಮೊದಲ ಸುತ್ತಿನಲ್ಲಿ 4-2ರಿಂದ ಸೋಲಿಸಿಯೂ ಆಗಿತ್ತು.

ಏಳನೇ ಆಯ್ಕೆ
ಹೌದು, ತಪ್ಪಾಯಿತು. ವರ್ಷ ಒಂದು ಹಿಂದೆ ಸರಿಯಿತು.

ಕೀಲು ಮೂಳೆ
ಆದರೂ ಏಳನೇ ಆಯ್ಕೆ ಅವರ ಮಾತಿನಲ್ಲಿ ಹುರುಳಿದೆ. ಆ ವಸಂತದ ಪ್ಲೇಆಫ್‌ನಲ್ಲೂ ಕರ್ರಿಯ ಕಾಲು ಉಳುಕಿತ್ತು, ಈ ಬಾರಿ ಎಡಗಾಲು. ಶಸ್ತ್ರಚಿಕಿತ್ಸೆ ಕೀಲನ್ನು ಶುಚಿಗೊಳಿಸಿತು, ಉಳುಕುವ ಅಭ್ಯಾಸವನ್ನು ಬಿಡಿಸಲಿಲ್ಲ. ಕರ್ರಿ ದಿಕ್ಕು ಬದಲಿಸುವಾಗ ಇಡೀ ಮೈಭಾರವನ್ನು ಪಾದದ ಕೀಲಿನಿಂದಲೇ ತಿರುಗಿಸುತ್ತಿದ್ದರು. ಸೊಂಟವನ್ನು ಹಿಂದಕ್ಕೆ ತಳ್ಳಿ ಮಡಚುವುದನ್ನು, ಪೃಷ್ಠದ ದೊಡ್ಡ ಸ್ನಾಯುಗಳಿಂದ ನೆಲವನ್ನು ಒದೆಯುವುದನ್ನು ಲೈಲ್ಸ್ ಕಲಿಸಿದರು. ದೊಡ್ಡ ಸ್ನಾಯು ಕೆಲಸ ಹೊತ್ತುಕೊಂಡರೆ ಚಿಕ್ಕ ಕೀಲಿಗೆ ಬಿಡುವು ಸಿಗುತ್ತದೆ. ನಂತರದ ಮೂರು ಋತುಗಳಲ್ಲಿ ಆಡಿದ ಪಂದ್ಯಗಳು 78, 80, 79.

ಹಳೆಯ ಪಾಯಿಂಟ್ ಗಾರ್ಡ್
ಮೇಡಂ, ಮಕ್ಕಳಿಗೆ ಇದನ್ನು ಯಾವ ವಯಸ್ಸಿನಿಂದ ಮಾಡಿಸಬಹುದು? ತೂಕ ಎತ್ತಿಸಬೇಕೇ?

ಕೀಲು ಮೂಳೆ
ಹನ್ನೆರಡರ ಮಕ್ಕಳಿಗೆ ತೂಕ ಬೇಡ. ಗೋಡೆಯಿಂದ ಒಂದು ಅಡಿ ಮುಂದೆ, ಗೋಡೆಗೆ ಬೆನ್ನು ಮಾಡಿ ನಿಲ್ಲಿಸಿ. ಬೆನ್ನು ನೆಟ್ಟಗಿಟ್ಟು, ಮಂಡಿ ತುಸು ಮಾತ್ರ ಬಾಗಿಸಿ, ಸೊಂಟವನ್ನು ಹಿಂದಕ್ಕೆ ಸರಿಸಿ ಗೋಡೆ ಮುಟ್ಟಿಸಲಿ. ಅದು ಬಂದ ಮೇಲೆ ಒಂಟಿ ಕಾಲಿನಲ್ಲಿ ನಿಂತು ಚೆಂಡು ಹಿಡಿಯುವುದು. ಕಾಲಿಗೆ ನಲವತ್ತು ಸೆಕೆಂಡು, ದಿನವೂ. ಉಳುಕಿರುವ ಹುಡುಗನನ್ನು ಮಾತ್ರ ಮೊದಲು ಯಾರಾದರೂ ಪರೀಕ್ಷಿಸಲಿ.

ಎಲ್ಲಿಸ್ ಪಕ್ಷ
ಹಾಗಾದರೆ ಮೂಲ ಪ್ರಶ್ನೆಗೆ ಉತ್ತರವೇನು? ಸಂಜೆಯ ಅಂಗಣ ಅವರು ತಮ್ಮ ವಾದಕ್ಕೆ ಇನ್ನೂ ಅಂಟಿಕೊಂಡಿದ್ದಾರೆಯೇ?

ಸಂಜೆಯ ಅಂಗಣ
ಮೊದಲ ವರ್ಷಕ್ಕೆ ಸಂಬಂಧಿಸಿದಂತೆ ಅಂಟಿಕೊಂಡಿದ್ದೇನೆ. 80 ಪಂದ್ಯ, ಶೇ 43.7 ಗುರಿ, ಆದರೂ ಐದಕ್ಕಿಂತ ಕಡಿಮೆ ಎಸೆತ. ಅದು ಕಾಲಿನ ತಪ್ಪಲ್ಲ. ಎರಡನೆಯ ವರ್ಷ ಬೆಂಚಿನದೂ ಪಾಲಿದೆಯೆಂದು ಕರಾವಳಿ ತೋರಿಸಿಕೊಟ್ಟರು. ಮೂರನೆಯ ವರ್ಷ ಪೂರ್ತಿ ಕಾಲಿನದು, ಅದನ್ನು ಒಪ್ಪುತ್ತೇನೆ. ಆಟಗಾರ ಮೊದಲ ದಿನವೇ ಪೂರ್ತಿ ಸಿದ್ಧನಿದ್ದ ಎಂದು ಬರೆದದ್ದನ್ನು ಹಿಂತೆಗೆದುಕೊಳ್ಳುತ್ತೇನೆ. ಅಂಕಿಸಂಖ್ಯೆ ಅವರು ಹೇಳಿದಂತೆ ಕಷ್ಟದ ಎಸೆತಗಳನ್ನು ಅವರು ಆಮೇಲೆ ಕಲಿತರು, ಕಲಿಯಲು ಮೈ ಸಹಕರಿಸಬೇಕಿತ್ತು.

ಎಲ್ಲಿಸ್ ಪಕ್ಷ
ಮೊದಲ ವರ್ಷದ ಬಗ್ಗೆ ನಾನು ಇನ್ನೂ ಒಪ್ಪುವುದಿಲ್ಲ. ಆದರೆ ಇಷ್ಟು ಸಾಕು.

ಬೆಳಗಿನ ಆರು ಗಂಟೆ
ಮಕ್ಕಳಿಗೆ ಯಾವ ಪಂದ್ಯ ತೋರಿಸುತ್ತೀರಿ? 54 ಅಂಕದ್ದೇ ತಾನೇ?

ಸಂಜೆಯ ಅಂಗಣ
ಅಲ್ಲ, ಅದನ್ನು ಅವರು ತಾವೇ ಹುಡುಕಿಕೊಳ್ಳುತ್ತಾರೆ. ಪೋರ್ಟ್‌ಲ್ಯಾಂಡ್‌ನ 42 ಅಂಕದ ಪಂದ್ಯ ತೋರಿಸುತ್ತೇನೆ. ಅದರಲ್ಲಿ 9 ರೀಬೌಂಡ್, 8 ಅಸಿಸ್ಟ್ ಇವೆ, ಅಂದರೆ ಗೆರೆಯ ಹಿಂದೆ ನಿಲ್ಲದೆ ಬುಟ್ಟಿಯ ಕೆಳಗೂ ಹೋಗಿದ್ದಾರೆ. ನಮ್ಮ ಮಕ್ಕಳು ಅಲ್ಲಿಗೆ ಹೋಗಲು ಒಲ್ಲರು. ಉಳುಕಿದ ಹುಡುಗನನ್ನು ಸೋಮವಾರ ಪರೀಕ್ಷೆಗೆ ಕಳಿಸುತ್ತಿದ್ದೇನೆ. ಉಳಿದವರನ್ನು ಭಾನುವಾರ ಬೆಳಿಗ್ಗೆ, ಚೆಂಡು ಕೊಡುವ ಮುನ್ನ, ಅಂಗಣದ ಹಿಂಗೋಡೆಯ ಉದ್ದಕ್ಕೂ ಬೆನ್ನು ಮಾಡಿ ನಿಲ್ಲಿಸುತ್ತೇನೆ.

ಹಳೆಯ ಪಾಯಿಂಟ್ ಗಾರ್ಡ್
ಭಾನುವಾರ ಎಷ್ಟು ಗಂಟೆಗೆ? ಮಂಡ್ಯದಿಂದ ಮೊದಲ ರೈಲಿಗೆ ಬರುತ್ತೇನೆ. ನಾನೂ ಆ ಸಾಲಿನಲ್ಲಿ ನಿಲ್ಲಬೇಕು.